ಓದಿ ನೋಡದ ಪ್ರತಿ

ಭಾರತ ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಸವದತ್ತಿ ಸೀಮೆಯ ಉಗರಗೋಳದ ದಾರಿಯಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ ಆ ನೋಟ ಬಹುಕಾಲ ಮರೆಯುವಂಥದಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜನಸಾಗರ. ‘ಉಧೋ ಉಧೋ’ ಎಂಬ ಕೂಗು. ಬಸ್ಸು, ಟ್ರ್ಯಾಕ್ಟರುಗಳ ಸಾಲು. ಅವುಗಳ ನಡುವೆ ಇಂದಿಗೂ ಗೆಜ್ಜೆಯ ಎತ್ತುಗಳನ್ನು ಹೂಡಿದ ಚಕ್ಕಡಿಗಳು. ದೂರದೂರದ ಊರುಗಳಿಂದ ಹೆಂಡಿರು ಮಕ್ಕಳನ್ನು ಕುಳ್ಳಿರಿಸಿಕೊಂಡು ಬರುವ ಚಕ್ಕಡಿಯ ಯಜಮಾನ ಬಿಡಾರ ಬಿಡುವ ಮುನ್ನ ಮಾಡುವ ಕೆಲಸವನ್ನು ಗಮನಿಸಬೇಕು. ಗಾಲಿಯನ್ನು ಎರಡು ಕೈಯಿಂದ ಹಿಡಿದು ಅಲುಗಿಸಿ ನೋಡುತ್ತಾನೆ. ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಾನೆ. ಕಡೆಗೀಲನ್ನು ಮುಟ್ಟಿ ನೋಡುತ್ತಾನೆ. ಇನ್ನೊಂದು ಕೀಲನ್ನು ಬೇರೆಯಾಗಿಯೇ ಜೋಪಾನವಾಗಿ ಇಟ್ಟಿರುತ್ತಾನೆ. ಗಾಲಿ ಕಳಚಿ ಬಿದ್ದ ಮೇಲೆ ಕೀಲನ್ನು ಹುಡುಕುವವನಿಗೆ ಆ ದಾರಿಯಲ್ಲಿ ಯಾರೂ ತಮ್ಮ ಮಕ್ಕಳನ್ನು ಒಪ್ಪಿಸುವುದಿಲ್ಲ.

ಈ ವಾರ ಹೇಳಹೊರಟಿರುವುದು ಚಕ್ಕಡಿಯ ವಿಷಯವಲ್ಲ. ಅದೇ ಉಗರಗೋಳದ ಮನೆಮನೆಯ ಸೊತ್ತು ಇಂದು ಇನ್ನೊಂದು ಬಗೆಯ ಗಾಲಿಯ ಮೇಲೆ ನಿಂತಿದೆ. ಆ ಗಾಲಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಹಗಲಿರುಳೂ ತಿರುಗುವ ಹಾರ್ಡ್ ಡಿಸ್ಕ್ ಎಂಬ ತಟ್ಟೆಯೇ ಅದು. ಅದರ ಕಡೆಗೀಲನ್ನು ಮುಟ್ಟಿ ನೋಡುವವರು ಯಾರು ಎಂಬುದೇ ಪ್ರಶ್ನೆ.

ರೈತನ ಹೊಲದ ಉತಾರವನ್ನೇ ತೆಗೆದುಕೊಳ್ಳಿರಿ. ಬೇರೆ ಕಡೆ ಪಹಣಿ ಎಂದು ಕರೆಯುವುದನ್ನು ಬೆಳಗಾವಿ, ಧಾರವಾಡದ ಕಡೆಯವರು ಉತಾರ ಎನ್ನುತ್ತಾರೆ. ಒಂದು ಕಾಲಕ್ಕೆ ಅದು ತಲಾಟಿಯ ಕೈಬರಹದ ದಫ್ತರದಲ್ಲಿತ್ತು. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಲ್ಲಿ ೨೦೦೨ರ ಹೊತ್ತಿಗೆ ನಾಡಿನ ಸುಮಾರು ೨ ಕೋಟಿ ಪಹಣಿಗಳು, ಅಂದರೆ ಸುಮಾರು ೬೭ ಲಕ್ಷ ಭೂಮಾಲಿಕರ ಹಕ್ಕಿನ ದಾಖಲೆಗಳು, ಕಂಪ್ಯೂಟರನ್ನು ಸೇರಿದವು. ಕೈಬರಹದ ಪಹಣಿಗೆ ಇದ್ದ ಮಾನ್ಯತೆ ಅಲ್ಲಿಗೆ ಮುಗಿಯಿತು. ಒಕ್ಕಲಿಗನು ಬ್ಯಾಂಕಿನ ಸಾಲಕ್ಕೆ ಹೋಗಲಿ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲಿ, ಕೋರ್ಟಿನ ಮೆಟ್ಟಿಲು ಹತ್ತಲಿ, ಕೇಳುವುದು ಕಂಪ್ಯೂಟರಿನ ಉತಾರವನ್ನೇ. ಈಚಿನ ವರ್ಷಗಳಲ್ಲಿ ‘ಭೂ ಸುರಕ್ಷಾ’ ಎಂಬ ಯೋಜನೆಯಡಿ ತಾಲೂಕು ಕಚೇರಿಗಳ ದಾಖಲೆ ಕೋಣೆಯಲ್ಲಿದ್ದ ಹಳೆಯ ಕಾಗದಗಳನ್ನೂ ಸ್ಕ್ಯಾನ್ ಮಾಡಿ ಇದೇ ಹಾದಿಗೆ ತರಲಾಗುತ್ತಿದೆ. ಇಲಿ, ಗೆದ್ದಲು, ತಿದ್ದುವ ಕೈ, ಈ ಮೂರರಿಂದ ಕಾಗದವನ್ನು ಪಾರುಮಾಡಿದ ಈ ಕಾರ್ಯವು ನಿಜಕ್ಕೂ ದೊಡ್ಡದು. ಆದರೆ ಗೆದ್ದಲಿನಿಂದ ಪಾರಾದುದು ಮತ್ತಾವುದಕ್ಕೂ ತುತ್ತಾಗದು ಎಂದು ತಿಳಿದರೆ ಅದು ಭ್ರಮೆ. ಡಿಸ್ಕಿಗೂ ಅದರದೇ ಆದ ಗೆದ್ದಲು ಉಂಟು.

ಡಿಸ್ಕು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಉಗರಗೋಳವು ಮುಂಬಯಿ ರಾಜ್ಯದಿಂದ ಬಿಡುಗಡೆ ಹೊಂದಿ, ಒಂದಾದ ಕನ್ನಡ ನಾಡನ್ನು ಸೇರಿದ ೧೯೫೬ನೆಯ ವರ್ಷದಲ್ಲಿಯೇ ಅಮೇರಿಕೆಯ ಐಬಿಎಂ ಸಂಸ್ಥೆಯು ‘ರಾಮ್ಯಾಕ್’ ಎಂಬ ಯಂತ್ರವನ್ನು ಹೊರತಂದಿತು. ಅದರಲ್ಲಿ ಎರಡೆರಡು ಅಡಿ ಅಗಲದ ೫೦ ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ತೂಕ ಒಂದು ಟನ್ನಿಗೂ ಮಿಕ್ಕಿತ್ತು. ಇಷ್ಟೆಲ್ಲ ಆಡಂಬರದ ಆ ಯಂತ್ರ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅದು ಸರಿಹೋದೀತು. ಈಗಿನ ಡಿಸ್ಕು ಅಂಗೈಯಲ್ಲಿ ಹಿಡಿಯುವಷ್ಟಿದ್ದರೂ ಅಂಥ ಲಕ್ಷಾಂತರ ರಾಮ್ಯಾಕುಗಳ ಸರಕನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ.

ಗಾತ್ರ ಕುಗ್ಗಿತು, ನಾಜೂಕು ಹೆಚ್ಚಿತು. ಸಾಮಾನ್ಯ ಡಿಸ್ಕಿನ ತಟ್ಟೆ ನಿಮಿಷಕ್ಕೆ ೭,೨೦೦ ಸುತ್ತು, ಅಂದರೆ ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತದೆ. ಅದರ ಮೇಲೆ ಓದುವ, ಬರೆಯುವ ಮೊನೆಯು ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಅದಕ್ಕಿಂತ ಹತ್ತಾರು ಸಾವಿರ ಪಾಲು ಹೆಚ್ಚು. ಧೂಳಿನ ಕಣ, ಸಣ್ಣ ಪೆಟ್ಟು, ಸವೆದ ಬೇರಿಂಗು, ಏರಿಳಿಯುವ ವಿದ್ಯುತ್ತು, ಇವುಗಳಲ್ಲಿ ಯಾವುದೊಂದಾದರೂ ಅದನ್ನು ಕೆಡಿಸಬಲ್ಲದು. ತಟ್ಟೆಯಿಲ್ಲದ ಎಸ್‌ಎಸ್‌ಡಿ ಎಂಬ ಹೊಸ ಜಾತಿಯೂ ಅಮರವಲ್ಲ. ಅದು ಸದ್ದಿಲ್ಲದೆ ದುಡಿದಂತೆ ಅನೇಕ ಸಲ ಸದ್ದಿಲ್ಲದೆಯೇ ಕಣ್ಮುಚ್ಚುತ್ತದೆ.

ತಯಾರಕರ ಪತ್ರಿಕೆಯನ್ನು ನೋಡಿದರೆ ಹೆದರಬೇಕಾದ ಕಾರಣ ಕಾಣದು. ಸರಾಸರಿ ೧೦ ಲಕ್ಷ ಗಂಟೆಗೊಮ್ಮೆ ಕೆಡುವುದೆಂದು ಅಲ್ಲಿ ಅಚ್ಚಾಗಿರುತ್ತದೆ. ೧೦ ಲಕ್ಷ ಗಂಟೆಯೆಂದರೆ ೧೧೪ ವರ್ಷ. ಮೂರು ತಲೆಮಾರಿನ ಮಾತು! ಈ ಲೆಕ್ಕದಲ್ಲಿ ನೂರು ಡಿಸ್ಕುಗಳ ಪೈಕಿ ವರ್ಷಕ್ಕೆ ಒಂದೂ ಪೂರ್ತಿ ಕೆಡಬಾರದು. ೨೦೦೭ರಲ್ಲಿ ಅಮೇರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಅವರು ಸುಮಾರು ೧ ಲಕ್ಷ ಡಿಸ್ಕುಗಳ ಚರಿತ್ರೆಯನ್ನು ಪರಿಶೀಲಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ನೂರಕ್ಕೆ ಎರಡರಿಂದ ನಾಲ್ಕು ಡಿಸ್ಕುಗಳನ್ನು ಪ್ರತಿವರ್ಷ ಬದಲಿಸಬೇಕಾಗಿ ಬರುವುದು ಸಾಮಾನ್ಯವೆನಿಸಿತ್ತು. ಕೆಲವೆಡೆ ಅದು ನೂರಕ್ಕೆ ಹದಿಮೂರರವರೆಗೂ ಏರಿತ್ತು. ಅಂದಮೇಲೆ ‘ಡಿಸ್ಕು ಕೆಟ್ಟೀತೇ?’ ಎಂದು ಕೇಳುವುದರಲ್ಲಿ ಹುರುಳಿಲ್ಲ. ‘ಕೆಟ್ಟ ದಿನ ನಮ್ಮ ಗತಿಯೇನು?’ ಎಂದೇ ಕೇಳಿಕೊಳ್ಳಬೇಕು.

ಈ ಪ್ರಶ್ನೆಗೆ ಜಾಣ ಉತ್ತರವೊಂದು ೧೯೮೮ರಲ್ಲಿಯೇ ದೊರೆತಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಮೇಲೆ ಹೇಳಿದ ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಎಂಬ ಮೂವರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಬೆಲೆಬಾಳುವ ಒಂದು ದೊಡ್ಡ ಡಿಸ್ಕಿಗೆ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಒಂದು ಬಳಗವಾಗಿ ಜೋಡಿಸಿ, ಒಂದು ಸತ್ತರೂ ಉಳಿದವು ಅದರ ಸರಕನ್ನು ಹೇಳುವಂತೆ ಮಾಡಬಹುದೆಂಬುದು ಅದರ ಸಾರ. ಇದಕ್ಕೆ ‘ರೇಡ್’ ಎಂಬ ಹೆಸರಾಯಿತು. ಇಂದು ದೊಡ್ಡ ದತ್ತಾಂಶ ಕೇಂದ್ರಗಳಲ್ಲಿಯೂ, ಪೇಟೆಯ ಛಾಯಾಚಿತ್ರದ ಅಂಗಡಿಯಲ್ಲಿ ಮೇಜಿನ ಕೆಳಗೆ ಗುಂಯ್‌ಗುಡುವ ನಾಲ್ಕು ಡಿಸ್ಕಿನ ಡಬ್ಬಿಯಲ್ಲಿಯೂ ಇದೇ ತತ್ತ್ವ ಅಥವಾ ಇದರ ಒಡಹುಟ್ಟು ದುಡಿಯುತ್ತಿರುತ್ತದೆ.

ಆ ತತ್ತ್ವವನ್ನು ಮನೆಯ ಜಮಾಖರ್ಚಿನ ಪುಸ್ತಕದಿಂದಲೇ ತಿಳಿದುಕೊಳ್ಳಬಹುದು. ಮೂರು ಕಲಮುಗಳಿವೆ ಎನ್ನಿ: ೭, ೪, ೯. ಕೆಳಗೆ ಒಟ್ಟು ೨೦ ಎಂದು ಬರೆದಿದ್ದೀರಿ. ನಡುವಿನ ಅಂಕೆಯ ಮೇಲೆ ಮಗು ಮಸಿ ಚೆಲ್ಲಿತು. ಚಿಂತೆಯಿಲ್ಲ. ೨೦ರಲ್ಲಿ ೭ನ್ನೂ ೯ನ್ನೂ ಕಳೆದರೆ ೪ ತಾನಾಗಿ ಹೊರಬರುತ್ತದೆ. ಮೂರು ಡಿಸ್ಕುಗಳಲ್ಲಿ ಮೂರು ಅಂಕೆ, ನಾಲ್ಕನೆಯದರಲ್ಲಿ ಮೊತ್ತ, ಇಷ್ಟೇ ಗುಟ್ಟು. ಯಂತ್ರದಲ್ಲಿ ಸೊನ್ನೆ ಮತ್ತು ಒಂದುಗಳ ಸಮ-ಬೆಸ ಲೆಕ್ಕ ನಡೆಯುತ್ತದೆ, ಮೊತ್ತವನ್ನು ಒಂದೇ ಡಿಸ್ಕಿನ ತಲೆಗೆ ಕಟ್ಟದೆ ಸರದಿಯಂತೆ ಎಲ್ಲದಕ್ಕೂ ಹಂಚಲಾಗುತ್ತದೆ ಎಂಬುದು ನಿಜ; ಆದರೆ ನ್ಯಾಯ ಒಂದೇ. ಒಂದು ಡಿಸ್ಕು ಸತ್ತರೆ ಕೆಲಸ ನಿಲ್ಲುವುದಿಲ್ಲ. ಸತ್ತುದನ್ನು ಕಳಚಿ ಹೊಸದನ್ನು ಸಿಕ್ಕಿಸಿದರೆ, ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಕಳೆದ ಅಂಕೆಗಳನ್ನು ಲೆಕ್ಕಹಾಕಿ ಹೊಸದರಲ್ಲಿ ತುಂಬುತ್ತದೆ. ಇದಕ್ಕೆ ಪುನರ್ನಿರ್ಮಾಣವೆಂದು ಹೆಸರು.

ಇದೇ ಪುಸ್ತಕದಲ್ಲಿ ಎರಡು ಅಂಕೆಗಳ ಮೇಲೆ ಮಸಿ ಬಿದ್ದರೆ? ಉಳಿದದ್ದು ೭, ಮೊತ್ತ ೨೦. ಅಳಿದ ಎರಡರ ಕೂಡಿಕೆ ೧೩ ಎಂದು ತಿಳಿಯಿತೇ ಹೊರತು, ಅದು ೪ ಮತ್ತು ೯ ಇತ್ತೋ, ೬ ಮತ್ತು ೭ ಇತ್ತೋ, ಬ್ರಹ್ಮನೂ ಹೇಳಲಾರ. ರೇಡ್ ಬಳಗದ ಎಲ್ಲ ಅನಾಹುತವೂ ಈ ಎರಡನೆಯ ಮಸಿಯ ಕಲೆಯಲ್ಲಿ ಅಡಗಿದೆ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಗುಡ್ಡದ ದಾರಿಯ ಊರೊಂದರಲ್ಲಿ ಛಾಯಾಚಿತ್ರದ ಅಂಗಡಿ. ಹತ್ತು ವರ್ಷಗಳ ಮದುವೆ, ಮುಂಜಿ, ಜಾತ್ರೆ, ಈಗಿಲ್ಲದ ಹಿರಿಯರ ಮುಖಗಳು, ಎಲ್ಲವೂ ನಾಲ್ಕು ಡಿಸ್ಕಿನ ಡಬ್ಬಿಯೊಂದರಲ್ಲಿವೆ. ಒಂದು ದಿನ ಡಬ್ಬಿಯ ಮೇಲೆ ಕೆಂಪು ದೀಪ ಹೊತ್ತಿ, ಪೀಂ ಪೀಂ ಎಂಬ ಸದ್ದು ಹೊರಡುತ್ತದೆ.

“ಮಾಮಾ, ಈ ಡಬ್ಬಿ ಯಾಕೋ ಒದರಾಕ ಹತ್ತೈತಿ,” ಎನ್ನುತ್ತಾನೆ ಅಂಗಡಿಯ ಹುಡುಗ.

“ಅದು ನಾಲ್ಕು ದಿನದಿಂದ ಒದರಾಕ ಹತ್ತೈತೋ. ಕೆಲಸ ನಡದೈತಿಲ್ಲೋ? ಜಾತ್ರಿ ಮುಗೀಲಿ, ನೋಡೂಣು,” ಎನ್ನುತ್ತಾನೆ ಮಾಮಾ.

ಮಾಮನ ಮಾತಿನಲ್ಲಿ ಸುಳ್ಳಿಲ್ಲ. ಕೆಲಸ ನಡೆದೇ ಇದೆ. ಬಳಗದ ಗುಣವೇ ಅದರ ಶತ್ರುವಾಗುವುದು ಇಲ್ಲಿ. ಒಂಟಿ ಡಿಸ್ಕು ಸತ್ತಿದ್ದರೆ ಅಂದೇ ಎದ್ದು ಓಡುತ್ತಿದ್ದ. ಬಳಗವು ನೋವನ್ನು ನುಂಗಿಕೊಂಡು ದುಡಿಯುವುದರಿಂದ ಅದರ ರೋಗ ಯಾರಿಗೂ ತುರ್ತಾಗಿ ಕಾಣುವುದಿಲ್ಲ. ಜಾತ್ರೆ ಮುಗಿದ ಮೇಲೆ ಹುಬ್ಬಳ್ಳಿಯಿಂದ ಹೊಸ ಡಿಸ್ಕು ತರಿಸಿ ಸಿಕ್ಕಿಸುತ್ತಾನೆ. ಪುನರ್ನಿರ್ಮಾಣ ಮೊದಲಾಗುತ್ತದೆ. ಪ್ರತಿಯೊಂದು ಡಿಸ್ಕು ೧೨ ಟೆರಾಬೈಟಿನದಾದರೆ, ಸೆಕೆಂಡಿಗೆ ೨೦೦ ಮೆಗಾಬೈಟಿನಂತೆ ಎಡೆಬಿಡದೆ ಓದಿದರೂ ಸುಮಾರು ೧೭ ಗಂಟೆ ಬೇಕು; ನಡುವೆ ದಿನದ ಕೆಲಸವೂ ಸಾಗುತ್ತಿದ್ದರೆ ದಿನಗಳೇ ಹಿಡಿಯುತ್ತವೆ. ಆ ಹೊತ್ತಿನಲ್ಲಿ ಉಳಿದ ಮೂರು ಡಿಸ್ಕುಗಳ ಪ್ರತಿಯೊಂದು ಸಾಲನ್ನೂ ತಪ್ಪದೆ ಓದಬೇಕು. ವರ್ಷಗಟ್ಟಲೆ ಯಾರೂ ತೆರೆಯದ ಮದುವೆಯೊಂದರ ಚಿತ್ರವಿದ್ದ ಮೂಲೆಗೆ ಮೊನೆ ಹೋಗುತ್ತದೆ. ಅಲ್ಲಿ ಓದಲಾಗುವುದಿಲ್ಲ. ಎರಡನೆಯ ಮಸಿಯ ಕಲೆ! ಆ ಕಲೆ ಅಂದು ಬಿದ್ದದ್ದಲ್ಲ; ಎಂದೋ ಬಿದ್ದು, ಯಾರೂ ನೋಡದ ಕಾರಣ ಹಾಗೆಯೇ ಉಳಿದದ್ದು. ಆ ಸಾಲಂತೂ ಹೋಯಿತು. ಕೆಲವು ಯಂತ್ರಗಳು ಅಷ್ಟಕ್ಕೇ ಪುನರ್ನಿರ್ಮಾಣವನ್ನೇ ಕೈಬಿಟ್ಟು ಕೂಡುತ್ತವೆ.

ಇದು ಬರಿಯ ಹೆದರಿಕೆಯ ಕಥೆಯಲ್ಲ. ೧೫ ಲಕ್ಷಕ್ಕೂ ಮಿಕ್ಕಿದ ಡಿಸ್ಕುಗಳನ್ನು ೩೨ ತಿಂಗಳು ಗಮನಿಸಿ ೨೦೦೭ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೂರಕ್ಕೆ ಸುಮಾರು ಮೂರೂವರೆಯಷ್ಟು ಡಿಸ್ಕುಗಳಲ್ಲಿ ಇಂಥ ಗುಪ್ತವಾದ ಓದಲಾಗದ ಜಾಗಗಳು ಕಂಡುಬಂದವು. ಅವು ಸತ್ತ ಡಿಸ್ಕುಗಳಲ್ಲ. ಮೇಲುನೋಟಕ್ಕೆ ಗಟ್ಟಿಮುಟ್ಟಾಗಿ ದುಡಿಯುತ್ತಿದ್ದವೇ. ಅಗ್ಗದ ಡಿಸ್ಕುಗಳ ತಯಾರಕರು ಸುಮಾರು ಹನ್ನೆರಡೂವರೆ ಟೆರಾಬೈಟಿನಷ್ಟು ಓದುವಾಗ ಒಂದು ಜಾಗ ಓದಲಾಗದೆ ಹೋಗಬಹುದೆಂಬ ಮಿತಿಯನ್ನು ತಮ್ಮ ಪತ್ರಿಕೆಯಲ್ಲಿಯೇ ನಮೂದಿಸುತ್ತಾರೆ. ಹೆಚ್ಚಿನ ಡಿಸ್ಕುಗಳು ಅದಕ್ಕಿಂತ ಮೇಲಾಗಿಯೇ ನಡೆದುಕೊಳ್ಳುತ್ತವೆ. ಆದರೂ ನಮ್ಮ ಮಾಮನ ಡಬ್ಬಿ ಒಂದೇ ಪಟ್ಟಿಗೆ ೩೬ ಟೆರಾಬೈಟ್ ಓದಬೇಕಾಗಿತ್ತೆಂಬುದನ್ನು ನೆನೆದರೆ, ಜಾತ್ರೆ ಮುಗಿಯಲೆಂದು ಕಾದದ್ದು ಎಂಥ ಜೂಜೆಂಬುದು ತಿಳಿಯುತ್ತದೆ.

ಆದುದರಿಂದ ಮೊದಲನೆಯ ಮತ್ತು ಮುಖ್ಯವಾದ ಪಥ್ಯ ಇದು: ಡಿಸ್ಕುಗಳು ಆರೋಗ್ಯವಾಗಿರುವಾಗಲೇ ಅವುಗಳ ಪೂರ್ತಿ ಸರಕನ್ನು ಆಗಾಗ ಓದಿಸಬೇಕು. ಬಲ್ಲವರು ಇದನ್ನು ‘ಸ್ಕ್ರಬ್’ ಎನ್ನುತ್ತಾರೆ. ಪಾತ್ರೆ ತಿಕ್ಕಿದಂತೆ ಮೂಲೆಮೂಲೆಯನ್ನೂ ತಿಕ್ಕಿ ನೋಡುವುದೆಂದು ತಿಳಿಯಬಹುದು. ಮೂರೂ ಅಂಕೆಗಳೂ ಮೊತ್ತವೂ ಕೈಯಲ್ಲಿರುವಾಗಲೇ ಒಂದು ಕಲೆ ಸಿಕ್ಕಿದರೆ ಯಂತ್ರವೇ ಅದನ್ನು ಲೆಕ್ಕಹಾಕಿ ಬೇರೆ ಜಾಗದಲ್ಲಿ ಶುದ್ಧವಾಗಿ ಬರೆದಿಡುತ್ತದೆ. ಒಡೆಯನಿಗೆ ಅದರ ಅರಿವೇ ಆಗುವುದಿಲ್ಲ. ಇದೇ ಕಲೆ ಒಂದು ಡಿಸ್ಕು ಸತ್ತ ಮೇಲೆ ಸಿಕ್ಕಿದರೆ ಮದ್ದಿಲ್ಲ. ರೋಗ ಒಂದೇ, ಕಂಡ ದಿನ ಬೇರೆ, ಅಷ್ಟೇ. ಹೆಚ್ಚಿನ ಡಬ್ಬಿಗಳಲ್ಲಿ ತಿಂಗಳಿಗೊಮ್ಮೆ ತಾನಾಗಿ ಈ ಕೆಲಸ ನಡೆಯುವಂತೆ ಗೊತ್ತುಮಾಡಬಹುದು. ಅನೇಕರ ಮನೆಯಲ್ಲಿ ಆ ಏರ್ಪಾಟು ಇದ್ದರೂ ಅದನ್ನು ಯಾರೂ ಚಾಲೂ ಮಾಡಿರುವುದಿಲ್ಲ.

ಎರಡನೆಯದು, ಮುನ್ಸೂಚನೆಗೆ ಬೆಲೆ ಕೊಡುವುದು. ಡಿಸ್ಕಿನೊಳಗೆ ‘ಸ್ಮಾರ್ಟ್’ ಎಂಬ ದಿನಚರಿಯೊಂದು ಇರುತ್ತದೆ. ಕೆಟ್ಟ ಜಾಗವನ್ನು ಬಿಟ್ಟು ಬೇರೆಡೆಗೆ ಎಷ್ಟು ಸಲ ಬರೆಯಬೇಕಾಯಿತು, ಎಷ್ಟು ಸಲ ಓದಲಾಗಲಿಲ್ಲ, ಎಷ್ಟು ಗಂಟೆ ದುಡಿದಿದೆ ಎಂಬುದನ್ನೆಲ್ಲ ಅದು ತಾನೇ ಬರೆದಿಡುತ್ತದೆ. ೨೦೦೭ರಲ್ಲಿ ಗೂಗಲ್ ಸಂಸ್ಥೆಯವರು ತಮ್ಮ ೧ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ವೃತ್ತಾಂತವನ್ನು ಪ್ರಕಟಿಸಿದರು. ಪರಿಶೀಲನೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ ೬೦ ದಿನಗಳಲ್ಲಿ ಸಾಯುವ ಸಂಭವವು ದೋಷವಿಲ್ಲದ ಡಿಸ್ಕಿಗಿಂತ ೩೯ ಪಟ್ಟು ಹೆಚ್ಚೆಂದು ಅವರು ಕಂಡುಕೊಂಡರು. ಒಂದೇ ದೋಷ ತಾನೇ ಎಂದು ಸುಮ್ಮನಿರುವವರು ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಅಂಥ ಡಿಸ್ಕನ್ನು ಅದು ಬದುಕಿರುವಾಗಲೇ ಬದಲಿಸುವುದು ಜಾಣತನ; ಆಗ ಹಳೆಯದೂ ಕೈಯಲ್ಲಿರುತ್ತದೆ, ಹೊಸದಕ್ಕೆ ಸರಕು ಸುರಕ್ಷಿತವಾಗಿ ಇಳಿಯುತ್ತದೆ. ಆದರೆ ಅದೇ ವೃತ್ತಾಂತದಲ್ಲಿ ಇನ್ನೊಂದು ಮಾತೂ ಇದೆ. ಸತ್ತ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ಆ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರದೆಯೇ ಸತ್ತಿದ್ದವು. ಲಕ್ಷಣ ಕಂಡರೆ ನಂಬಬೇಕು, ಕಾಣಲಿಲ್ಲವೆಂದು ನಿಶ್ಚಿಂತರಾಗಬಾರದು.

ಮೂರನೆಯದು, ದೊಡ್ಡ ಡಿಸ್ಕುಗಳಿಗೆ ಒಂದು ಮೊತ್ತ ಸಾಲದು. ಬೇರೆ ಬೇರೆ ರೀತಿಯಲ್ಲಿ ಲೆಕ್ಕಹಾಕಿದ ಎರಡು ಮೊತ್ತಗಳನ್ನಿಡುವ ಪದ್ಧತಿಯುಂಟು. ಅದನ್ನು ರೇಡ್ ೬ ಎನ್ನುತ್ತಾರೆ. ಅದರಲ್ಲಿ ಎರಡು ಮಸಿಯ ಕಲೆಗಳನ್ನೂ ಓದಿ ತೆಗೆಯಬಹುದು. ಒಂದು ಡಿಸ್ಕಿನ ಬೆಲೆ ಹೆಚ್ಚಿಗೆ ತಗಲುವುದು ನಿಜ. ಆದರೆ ಪುನರ್ನಿರ್ಮಾಣದ ಆ ಹದಿನೇಳು ಗಂಟೆಗಳಲ್ಲಿ ನಿದ್ರೆ ಬರುತ್ತದೆ. ಹೊಸ ಡಿಸ್ಕೊಂದನ್ನು ಮೊದಲೇ ಕೊಂಡು ಕಪಾಟಿನಲ್ಲಿಡುವುದೂ ಒಳ್ಳೆಯದು. ಚಕ್ಕಡಿಯ ಯಜಮಾನನ ಬಿಡಿ ಕೀಲು ಇದೇ ಅಲ್ಲವೇ?

ಕೆಲವು ಸಣ್ಣ ಮಾತುಗಳನ್ನೂ ಇಲ್ಲಿಯೇ ಹೇಳಬೇಕು. ನಾಲ್ಕು ಡಿಸ್ಕುಗಳನ್ನು ಒಂದೇ ಅಂಗಡಿಯಲ್ಲಿ ಒಂದೇ ದಿನ ಒಂದೇ ಕಂತಿನಿಂದ ಕೊಂಡರೆ ಅವು ಒಟ್ಟಿಗೆ ಹುಟ್ಟಿ, ಒಟ್ಟಿಗೆ ಸವೆದು, ಹತ್ತಿರ ಹತ್ತಿರದಲ್ಲಿಯೇ ಕೆಡಬಹುದು. ಬೇರೆ ಬೇರೆ ಕಂತಿನವನ್ನು ಕೂಡಿಸುವುದು ಮೇಲು. ಪ್ರತಿಯೊಂದು ಡಿಸ್ಕಿನ ಮುಂದೆ ಅದರ ಸಂಖ್ಯೆಯ ಚೀಟಿ ಅಂಟಿಸಿರಬೇಕು. ಕೆಟ್ಟುದನ್ನು ತೆಗೆಯುವ ಗಡಿಬಿಡಿಯಲ್ಲಿ ಒಳ್ಳೆಯದನ್ನೇ ಎಳೆದು ಬಳಗವನ್ನು ಮುರಿಯುವುದು ನುರಿತವರ ಕೈಯಿಂದಲೂ ಆಗುವ ಪ್ರಮಾದ. ಕರೆಂಟು ಹೋಗಿಬರುವ ಊರಿನಲ್ಲಿ ಯುಪಿಎಸ್ ಇಲ್ಲದೆ ಇಂಥ ಡಬ್ಬಿಯನ್ನು ನಡೆಸಬಾರದು. ೪ ಎಂಬ ಅಂಕೆಯನ್ನು ೫ ಎಂದು ತಿದ್ದಿ, ಮೊತ್ತವನ್ನು ೨೧ ಎಂದು ತಿದ್ದುವಷ್ಟರಲ್ಲಿ ದೀಪ ಹೋದರೆ ಪುಸ್ತಕದಲ್ಲಿ ಸುಳ್ಳು ಮೊತ್ತ ಉಳಿಯುತ್ತದೆ. ಮುಂದೊಂದು ದಿನ ಆ ಸುಳ್ಳನ್ನು ನಂಬಿಯೇ ಲೆಕ್ಕ ನಡೆಯುತ್ತದೆ. ಡಿಸ್ಕು ಕೆಡದೆಯೂ ಅಕ್ಷರ ತಪ್ಪಾಗುವುದುಂಟು. ಅಂಥಲ್ಲಿ ಮೊತ್ತವು ‘ಎಲ್ಲೋ ತಪ್ಪಿದೆ’ ಎಂದೀತೇ ವಿನಾ ‘ಇದೇ ತಪ್ಪು’ ಎಂದು ಬೆರಳಿಟ್ಟು ತೋರಿಸಲಾರದು. ಅದಕ್ಕಾಗಿ ಪ್ರತಿ ಸಾಲಿಗೂ ಪ್ರತ್ಯೇಕ ತಾಳೆಯ ಸಂಖ್ಯೆಯನ್ನು ಬರೆದಿಡುವ ವ್ಯವಸ್ಥೆಗಳಿವೆ. ೨೦೦೫ರಲ್ಲಿ ಹೊರಬಂದ ಜೆಡ್‌ಎಫ್‌ಎಸ್ ಅಂಥದೊಂದು. ಕೊಳ್ಳುವಾಗ ವಿಚಾರಿಸಿ ಕೊಳ್ಳುವುದು ಲೇಸು.

ಇಷ್ಟೆಲ್ಲ ಪಥ್ಯ ಮಾಡಿದರೂ ಒಂದು ಮಾತು ಉಳಿದೇ ಇದೆ. ಬಳಗವು ಡಿಸ್ಕಿನ ಸಾವಿಗೆ ಮದ್ದು. ಮನೆಯ ಬೆಂಕಿಗೆ, ಕಳ್ಳನಿಗೆ, ಸಿಡಿಲಿಗೆ, ಮನುಷ್ಯನ ಕೈತಪ್ಪಿಗೆ ಮದ್ದಲ್ಲ. ತಪ್ಪಿ ಅಳಿಸಿದ ಚಿತ್ರವನ್ನು ನಾಲ್ಕು ಡಿಸ್ಕುಗಳೂ ಅಷ್ಟೇ ವಿಧೇಯವಾಗಿ ಅಳಿಸುತ್ತವೆ. ೨೦೧೧ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷವೊಂದರಿಂದ ಜಿಮೇಲ್ ಬಳಸುವವರಲ್ಲಿ ನೂರಕ್ಕೆ ೦.೦೨ರಷ್ಟು ಜನರ ಪತ್ರಗಳು ಮಾಯವಾದವು. ಹಲವು ಕೇಂದ್ರಗಳಲ್ಲಿ ಹಲವು ಪ್ರತಿಗಳಿದ್ದರೂ ದೋಷವು ಅವೆಲ್ಲವನ್ನೂ ತಟ್ಟಿತ್ತು. ಕೊನೆಗೆ ಕಾಪಾಡಿದ್ದು ಯಂತ್ರದಿಂದ ಬಿಡಿಸಿ ಬೇರೆಯಾಗಿಟ್ಟ ಹಳೆಯ ಕಾಲದ ಟೇಪು.

ಟೇಪಿನಂಥ ಆಸರೆ ಇಲ್ಲದವರ ಗತಿಯನ್ನು ದಕ್ಷಿಣ ಕೊರಿಯಾ ಕಂಡಿತು. ೨೦೨೫ರ ಸೆಪ್ಟೆಂಬರ್ ೨೬ರಂದು ಡೇಜಿಯಾನ್ ನಗರದಲ್ಲಿ ಆ ದೇಶದ ಸರಕಾರಿ ದತ್ತಾಂಶ ಕೇಂದ್ರಕ್ಕೆ ಬ್ಯಾಟರಿಯಿಂದ ಬೆಂಕಿ ಹತ್ತಿತು. ಸರಕಾರಿ ನೌಕರರು ತಮ್ಮ ಕೆಲಸದ ಕಾಗದಗಳನ್ನಿಡುತ್ತಿದ್ದ ‘ಜಿ-ಡ್ರೈವ್’ ಎಂಬ ಭಂಡಾರದ ೮೫೮ ಟೆರಾಬೈಟು ಸರಕು ಅಲ್ಲಿ ಬೂದಿಯಾಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣದಿಂದ ಅದರ ಇನ್ನೊಂದು ಪ್ರತಿಯನ್ನು ಹೊರಗೆ ಇಟ್ಟಿರಲೇ ಇಲ್ಲ. ತಂತ್ರವಿದ್ಯೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ನಾಡಿನಲ್ಲಿ ನಡೆದ ಸಂಗತಿಯಿದು.

ಕನ್ನಡಿಗರಿಗೆ ಈ ಪಾಠ ಹೊಸದಾಗಬೇಕಿಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಓಲೆಗರಿಯ ಮೇಲೆ ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದನ್ನು ನಾವು ದಾನವೆಂದು ಕೊಂಡಾಡುತ್ತೇವೆ. ಅದರಲ್ಲಿದ್ದ ವಿವೇಕವನ್ನು ಅಷ್ಟಾಗಿ ನೆನೆಯುವುದಿಲ್ಲ. ಸಾವಿರ ಪ್ರತಿಗಳನ್ನೂ ಆಕೆ ಒಂದೇ ಭಂಡಾರದಲ್ಲಿ ಪೇರಿಸಿಡಲಿಲ್ಲ. ಬೇರೆ ಬೇರೆ ಕೈಗಳಿಗೆ ಹೋದುವು. ಒಂದು ಕಡೆಯದಕ್ಕೆ ಕೇಡು ಬಂದರೂ ಇನ್ನೊಂದು ಕಡೆ ಉಳಿಯುವಂತಾಯಿತು. ಶಾಂತಿಪುರಾಣ ಇಂದು ನಮಗೆ ದೊರೆಯುತ್ತದೆ. ಅದೇ ಪೊನ್ನನ ಭುವನೈಕ ರಾಮಾಭ್ಯುದಯ ದೊರೆಯುವುದಿಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳೂ ಹಾಗೆಯೇ. ಬೇರೆಯವರು ಎತ್ತಿಕೊಂಡ ಬಿಡಿ ಪದ್ಯಗಳಿಂದ ಅವು ಇದ್ದುವೆಂದು ತಿಳಿಯುತ್ತದೆ, ಅಷ್ಟೇ. ಓಲೆಗರಿಯ ಕಾಲದಲ್ಲಿ ಗ್ರಂಥವನ್ನು ಕಾಪಾಡುವುದೆಂದರೆ ಕಟ್ಟನ್ನು ಬಿಚ್ಚಿ ನೋಡುವುದು, ಎಣ್ಣೆ ಸವರುವುದು, ಸವೆದುದನ್ನು ಹೊಸ ಗರಿಗೆ ಇಳಿಸುವುದು. ಪೂಜೆಗೆ ಮಾತ್ರ ಇಟ್ಟು ಬಿಚ್ಚದೆ ಬಿಟ್ಟ ಕಟ್ಟುಗಳನ್ನು ಗೆದ್ದಲು ಓದಿ ಮುಗಿಸಿತು.

ಇನ್ನು ಸಂಸಾರಸ್ಥರ ಮಾತು. ನಾಲ್ಕು ಡಿಸ್ಕಿನ ಡಬ್ಬಿ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಆದರೆ ತೀರಿಕೊಂಡ ತಾಯಿಯ ಧ್ವನಿ, ಮಗುವಿನ ಮೊದಲ ಹೆಜ್ಜೆ, ಮನೆಯ ಖರೀದಿ ಪತ್ರ, ಮಕ್ಕಳ ಅಂಕಪಟ್ಟಿ, ಇವು ಎಲ್ಲರ ಮನೆಯಲ್ಲಿಯೂ ಯಾವುದೋ ಒಂದು ಮೊಬೈಲಿನಲ್ಲಿ, ಯಾವುದೋ ಒಂದು ಡಿಸ್ಕಿನಲ್ಲಿ ಒಂಟಿಯಾಗಿ ಕುಳಿತಿವೆ. ಬಲ್ಲವರು ಇದಕ್ಕೊಂದು ಸುಲಭ ಸೂತ್ರ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಮೊಬೈಲಿನಲ್ಲಿ ಒಂದು, ಮನೆಯ ಡಿಸ್ಕಿನಲ್ಲಿ ಒಂದು, ಇನ್ನೊಂದನ್ನು ಹೊರಡಿಸ್ಕಿಗೆ ಇಳಿಸಿ ಧಾರವಾಡದಲ್ಲಿರುವ ತಂಗಿಯ ಮನೆಗೋ, ಬೆಂಗಳೂರಿನ ಮಗನ ಮನೆಗೋ ಕಳಿಸಿದರೆ ಸೂತ್ರ ಪೂರ್ತಿಯಾಯಿತು. ಅಂತರ್ಜಾಲದ ಭಂಡಾರವನ್ನೂ ಆ ಮೂರನೆಯದಾಗಿ ಬಳಸಬಹುದು. ಹೊರಡಿಸ್ಕನ್ನು ಸದಾ ಕಂಪ್ಯೂಟರಿಗೆ ಜೋಡಿಸಿಯೇ ಇಡಬಾರದು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶಗಳು ಜೋಡಿಸಿದ್ದನ್ನೆಲ್ಲ ಕಬಳಿಸುತ್ತವೆ.

ಇಷ್ಟು ಮಾಡಿ ಕಪಾಟಿನ ಬೀಗ ಹಾಕಿದರೆ ಆಗಲಿಲ್ಲ. ವರ್ಷಗಟ್ಟಲೆ ತೆರೆಯದೆ ಇಟ್ಟ ಡಿಸ್ಕು ತಿರುಗಲು ನಿರಾಕರಿಸಬಹುದು; ಕರೆಂಟು ಕಾಣದೆ ಬಿದ್ದ ಎಸ್‌ಎಸ್‌ಡಿ ನಿಧಾನವಾಗಿ ಮರೆಯಬಹುದು; ತಪ್ಪಾದ ಕಡತಗಳೇ ಪ್ರತಿಯಾಗಿರಬಹುದು. ಹಿಂದಕ್ಕೆ ತೆಗೆದು ನೋಡಿದ ಪ್ರತಿಯೊಂದೇ ಪ್ರತಿ. ಓದಿ ನೋಡದ ಪ್ರತಿ ಬರಿಯ ನಂಬಿಕೆ. ಖಂಡೇನವಮಿಯ ದಿನ ನಮ್ಮ ಕಡೆ ಹೊಲಿಗೆಯ ಯಂತ್ರದಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲಕ್ಕೂ ಕುಂಕುಮ ಹಚ್ಚುತ್ತೇವೆ. ಅಂದು ಆ ಹೊರಡಿಸ್ಕನ್ನೂ ಹೊರತೆಗೆದು, ಎಂಟು ಹತ್ತು ಚಿತ್ರಗಳನ್ನಾದರೂ ತೆರೆದು ನೋಡಿ, ಹೊಸದನ್ನು ಸೇರಿಸಿ, ಐದಾರು ವರ್ಷ ದಾಟಿದ್ದರೆ ಹೊಸ ಡಿಸ್ಕಿಗೆ ಇಳಿಸಿದರೆ, ಪೂಜೆಯೂ ಆಯಿತು, ಪರೀಕ್ಷೆಯೂ ಆಯಿತು. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ನೋಡಿದರೆ ಅಜ್ಜಿಯ ಮುಖವನ್ನು ಅವರೂ ಮರೆಯುವುದಿಲ್ಲ.

ಸಾರ್ವಜನಿಕರೂ ಒಂದು ಪ್ರಶ್ನೆ ಕೇಳುವ ರೂಢಿ ಮಾಡಿಕೊಳ್ಳಬೇಕು. ತಮ್ಮ ಊರಿನ ಸಹಕಾರಿ ಸಂಘ, ಶಾಲೆ, ದವಾಖಾನೆ, ಗ್ರಂಥಾಲಯಗಳಲ್ಲಿ ‘ಎಲ್ಲ ಕಂಪ್ಯೂಟರಿನಲ್ಲಿದೆ’ ಎಂದು ಹೆಮ್ಮೆಯಿಂದ ಹೇಳಿದಾಗ, ‘ಒಳ್ಳೆಯದು, ಅದರ ಇನ್ನೊಂದು ಪ್ರತಿ ಎಲ್ಲಿದೆ? ಅದನ್ನು ತೆಗೆದು ನೋಡಿದ್ದು ಯಾವಾಗ?’ ಎಂದು ವಿನಯದಿಂದಲೇ ಕೇಳಬಹುದು. ಎರಡನೆಯ ಪ್ರಶ್ನೆಗೆ ತಾರೀಖಿನೊಡನೆ ಉತ್ತರ ಬಂದರೆ ಆ ಸಂಸ್ಥೆ ಎಚ್ಚರವಾಗಿದೆ ಎಂದು ತಿಳಿಯಬಹುದು. ಉತ್ತರದ ಬದಲು ನಗೆ ಬಂದರೆ, ಮಾತನ್ನು ಮುಂದಿನ ಸಭೆಯಲ್ಲಿ ಎತ್ತುವುದು ಸದಸ್ಯರ ಕರ್ತವ್ಯ.

ಡಿಸ್ಕುಗಳ ಪೂರ್ತಿ ಓದಿಗೆ ತಿಂಗಳಲ್ಲಿ ಯಾವ ದಿನವನ್ನಾದರೂ ಗೊತ್ತುಮಾಡಬಹುದು. ನೆನಪಿಡುವುದು ಕಷ್ಟವೆನ್ನುವವರಿಗೆ ಹುಣ್ಣಿಮೆಯ ರಾತ್ರಿ ಒಳ್ಳೆಯದು. ಅಂದು ಉಗರಗೋಳದ ದಾರಿಯಲ್ಲಿ ಯಾರೋ ಒಬ್ಬ ಯಜಮಾನ, ಹೊರಡುವ ಮುನ್ನ, ಬಗ್ಗಿ ತನ್ನ ಚಕ್ಕಡಿಯ ಕಡೆಗೀಲನ್ನು ಮುಟ್ಟಿ ನೋಡುತ್ತಿರುತ್ತಾನೆ.